ಭಾವನ ಸ್ಟುಡಿಯೋ ಪಿಸಿ: ರೇಡಿಯೇಟರ್ ಒಳಗೆ ಗಾಳಿ ನುಗ್ಗಿಸೋ ಫ್ಯಾನ್ ಹುಡುಕಿದ ಕಥೆ

ಮೊದ್ಲು ಮಷೀನ್ ವಿವರ ಹೇಳ್ಬಿಡ್ತೀನಿ. ಚಿಕ್ಕಮಗಳೂರಲ್ಲಿ ನಮ್ಮ ಭಾವಂದು ಫೋಟೋ ಸ್ಟುಡಿಯೋ, ಮದುವೆ ವಿಡಿಯೋ, ಆಲ್ಬಂ, ಈಗ ಡ್ರೋನ್ ಬೇರೆ. ಎಡಿಟಿಂಗಿಗೆ ಅಂತ ಬೆಂಗಳೂರಲ್ಲಿ ಅಸೆಂಬಲ್ ಮಾಡಿಸ್ಕೊಂಡು ಬಂದ ಪಿಸಿ ಇದೆ: ಐ7-12700ಕೆ ಪ್ರೊಸೆಸರ್ (ಸಿಪಿಯು), ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ (ಜಿಪಿಯು), 240 ಎಂಎಂ ರೇಡಿಯೇಟರಿನ (ನೀರಿನ ಬಿಸೀನ ಗಾಳಿಗೆ ಬಿಡೋ ಲೋಹದ ಜಾಲರಿ) ಎಐಒ ಲಿಕ್ವಿಡ್ ಕೂಲರ್ (ಪಂಪ್, ಪೈಪ್, ರೇಡಿಯೇಟರ್ ಎಲ್ಲಾ ಒಂದೇ ಸೆಟ್ಟಾಗಿ ಬರೋದು), ಕ್ಯಾಬಿನೆಟ್ ಮುಂದೆ ಪೂರ್ತಿ ಗಾಜು, ಗಾಜಿನ ಹಿಂದೆ ಬಣ್ಣದ ಲೈಟಿನ ಆರ್‌ಜಿಬಿ ಫ್ಯಾನುಗಳು. ನೋಡೋಕೆ ಗಣಪತಿ ಪೆಂಡಾಲ್ ಇದ್ದಂಗಿದೆ. ಆದ್ರೆ ಎರಡು ಗಂಟೆ ಮದುವೆ ವಿಡಿಯೋ ಎಕ್ಸ್‌ಪೋರ್ಟಿಗೆ ಹಾಕಿದ್ರೆ ಸ್ವಲ್ಪ ಹೊತ್ತಲ್ಲೇ ಸಿಪಿಯು 100 ಡಿಗ್ರಿಗೆ ಹೋಗಿ ಅಲ್ಲೇ ಕೂತ್ಕೊಳ್ಳುತ್ತೆ, 12700ಕೆಗೆ ಅದೇ ಮೇಲಿನ ಮಿತಿ, ಅದಕ್ಕಿಂತ ಮೇಲೆ ಹೋಗ್ದೆ ಇರೋಕೆ ತಾನೇ ಸ್ಪೀಡ್ ಇಳಿಸ್ಕೊಳ್ಳುತ್ತೆ, ಎಕ್ಸ್‌ಪೋರ್ಟ್ ಎಳೀತಾ ಇರುತ್ತೆ.

"ಎಂಥದು ಮಾರಾಯ ಇದು, ನೀರಿನ ಕೂಲರ್ ಅಂತ ಅಷ್ಟು ದುಡ್ಡು ಕೊಟ್ಟಿದ್ದೀನಿ, ಹಳೇ ಪಿಸಿನೇ ವಾಸಿ ಇತ್ತಲ್ಲೋ" ಅಂದ್ರು ಭಾವ. "ನೀರು ಬರೀ ಬಿಸಿ ಹೊತ್ಕೊಂಡು ಹೋಗುತ್ತೆ ಭಾವ, ಕೊನೆಗೆ ಅದನ್ನ ಹೊರಗೆ ಹಾಕೋದು ಗಾಳಿನೇ, ನಿಮ್ಮ ಪಿಸೀಲಿ ಗಾಳಿ ಒಳಗೇ ಹೋಗ್ತಿಲ್ಲ ಅನ್ಸುತ್ತೆ" ಅಂದೆ. ಅನ್ಸುತ್ತೆ ಅಂದ್ರೆ ಸಾಕಾಗಲ್ವಲ್ಲ, ನೋಡ್ಬೇಕು.

ಪಂಪ್ ಸರಿ ಇದೆಯಾ ಅಂತ ಮೊದ್ಲು ನೋಡಿದ್ದು. ಬಯೋಸಲ್ಲಿ (ಪಿಸಿಯ ಮೂಲ ಸೆಟ್ಟಿಂಗ್ಸ್) ಪಂಪಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬರ್ತಿತ್ತು, ಎರಡೂ ಪೈಪ್ ಮುಟ್ಟಿ ನೋಡಿದ್ರೆ ಎರಡೂ ಬೆಚ್ಚಗೆ, ಹೆಚ್ಚು ವ್ಯತ್ಯಾಸ ಇಲ್ಲ, ಅಂದ್ರೆ ನೀರು ಓಡ್ತಾ ಇದೆ. ಪಂಪ್ ನಿಂತಿದ್ರೆ ಒಂದು ಪೈಪ್ ಕೈ ಇಡಕ್ಕಾಗದಷ್ಟು ಬಿಸಿ, ಇನ್ನೊಂದು ತಣ್ಣಗೆ ಇರುತ್ತೆ. ಆಮೇಲೆ ಎಕ್ಸ್‌ಪೋರ್ಟ್ ಓಡ್ತಿರುವಾಗ್ಲೇ ಮುಂದಿನ ಗಾಜಿನ ಪ್ಯಾನೆಲ್ ಕಿತ್ತು ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತಿಗೆ 100ರಿಂದ 96ಕ್ಕೆ ಇಳೀತು. ಗಾಜಿನ ಎರಡೂ ಪಕ್ಕದಲ್ಲಿ ಬೆರಳು ತೂರದಷ್ಟು ಸಣ್ಣ ಸಂದು ಅಷ್ಟೇ, ಅದರಿಂದಾನೇ ಎಲ್ಲಾ ಗಾಳಿ ಬರ್ಬೇಕು, ಅದಾದ್ಮೇಲೆ ಒಂದು ನೈಲಾನ್ ಡಸ್ಟ್ ಫಿಲ್ಟರ್, ಆಮೇಲೆ ಫ್ಯಾನ್, ಆಮೇಲೆ ರೇಡಿಯೇಟರ್. ಫಿಲ್ಟರ್ ಕೈಗೆ ತಗೊಂಡ್ರೆ ಕಂದು ಬಣ್ಣದ ಜಿಡ್ಡು ಪದರ. ಸ್ಟುಡಿಯೋ ಪಕ್ಕದಲ್ಲಿ ಕಾಫಿ ಪುಡಿ ಅಂಗಡಿ ಇದೆ, ಅಲ್ಲೇ ಹುರಿದು ಅಲ್ಲೇ ಪುಡಿ ಮಾಡ್ತಾರೆ, ಬೀಜ ಹುರೀವಾಗ ಬಿಡೋ ತೆಳು ಸಿಪ್ಪೆ ಎಷ್ಟು ಹಗುರ ಅಂದ್ರೆ ಗಾಳೀಲಿ ತೇಲ್ಕೊಂಡು ಬಂದು ಎಲ್ಲಾ ಕಡೆ ಕೂರುತ್ತೆ. ಬೇರೆ ಊರಲ್ಲಿ ಫ್ಯಾನಿಗೆ ಧೂಳು ಕಾಟ, ನಮ್ಮೂರಲ್ಲಿ ಧೂಳಿಗೂ ಕಾಫಿ ಪರಿಮಳ.

ಆಮೇಲೆ ಊದುಬತ್ತಿ. ಒಂದು ಊದುಬತ್ತಿ ಹಚ್ಚಿ ರೇಡಿಯೇಟರ್ ಅಂಚಿನಲ್ಲಿ ನಿಧಾನಕ್ಕೆ ಆಡಿಸ್ತಾ ಹೋದ್ರೆ ಹೊಗೆ ಎತ್ತ ಹೋಗುತ್ತೆ ಅನ್ನೋದ್ರಲ್ಲೇ ಎಲ್ಲಾ ಗೊತ್ತಾಗುತ್ತೆ. ಫ್ಯಾನು ರೇಡಿಯೇಟರ್ ಮುಂದೆ ಕೂತು ಒಳಕ್ಕೆ ತಳ್ತಾ ಇರೋದು, ಆದ್ರೆ ಫ್ಯಾನ್ ಫ್ರೇಮಿಗೂ ರೇಡಿಯೇಟರಿಗೂ ಮಧ್ಯದ ಸಂದಿಂದ ಹೊಗೆ ವಾಪಸ್ ಮುಂದಕ್ಕೆ ಬಂದು ಮತ್ತೆ ಅದೇ ಫ್ಯಾನೊಳಗೆ ಹೋಗ್ತಾ ಇತ್ತು. ಒಳಗೆ ಹೋಗಕ್ಕೆ ಆಗದೆ ಇದ್ದ ಗಾಳಿ ಪಕ್ಕದಿಂದ ದಾರಿ ಹುಡುಕ್ಕೊಂಡಿದೆ. ರೇಡಿಯೇಟರ್ ಹಿಂದೆ ಕೈ ಇಟ್ರೆ ಗಾಳಿ ಬಂದಂಗೂ ಇಲ್ಲ, ಬರದಂಗೂ ಇಲ್ಲ.

ಈ ಆರ್‌ಜಿಬಿ ಫ್ಯಾನಿನ ಬಾಕ್ಸ್ ಭಾವ ಜೋಪಾನವಾಗಿ ಇಟ್ಟಿದ್ರು, ಮೇಲೆ ಸಿಎಫ್‌ಎಂ ದಪ್ಪಕ್ಷರದಲ್ಲಿ ಇತ್ತು, ಸ್ಟ್ಯಾಟಿಕ್ ಪ್ರೆಶರ್ ಎಷ್ಟು ಅಂತ ಎಲ್ಲೂ ಬರ್ದಿರ್ಲಿಲ್ಲ. ಅಲ್ಲೇ ಇರೋದು ವಿಷಯ. ಸಿಎಫ್‌ಎಂ ಅಂದ್ರೆ ಮುಂದೆ ಹಿಂದೆ ಏನೂ ಅಡ್ಡ ಇಲ್ಲದೆ ಬಯಲಲ್ಲಿ ಫ್ಯಾನ್ ತಿರುಗಿದ್ರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಸಾಗಿಸುತ್ತೆ ಅನ್ನೋದು. ಸ್ಟ್ಯಾಟಿಕ್ ಪ್ರೆಶರ್ ಅಂದ್ರೆ ಅದರ ಇನ್ನೊಂದು ತುದಿ, ಬಾಯಿ ಪೂರ್ತಿ ಮುಚ್ಚಿ ಗಾಳಿ ಒಂಚೂರೂ ಹರೀದಂಗೆ ಮಾಡಿದಾಗ ಫ್ಯಾನ್ ಎಷ್ಟು ಒತ್ತಡ ಕಟ್ಟುತ್ತೆ ಅನ್ನೋದು, ಅದನ್ನ ನೀರಿನ ಮಿಲಿಮೀಟರಲ್ಲಿ ಅಳೀತಾರೆ. ಎರಡೂ ಒಂದೇ ಸಲ ಸಿಗಲ್ಲ. ನಿಜವಾಗಿ ಫ್ಯಾನ್ ಕೆಲಸ ಮಾಡೋದು ಎರಡರ ಮಧ್ಯೆ ಎಲ್ಲೋ ಒಂದು ಕಡೆ, ಆ ಜಾಗ ಯಾವುದು ಅಂತ ತೀರ್ಮಾನ ಮಾಡೋದು ಮುಂದೆ ಇರೋ ಅಡ್ಡ. ಫ್ಯಾನ್ ಕಂಪನಿ ನೋಕ್ಟುವಾದವರದ್ದೇ ಎರಡು ಫ್ಯಾನ್ ತಗೊಳ್ಳಿ: ಎನ್‌ಎಫ್-ಎಸ್12ಎ 1200 ಆರ್‌ಪಿಎಂನಲ್ಲಿ ಸುಮಾರು 63 ಸಿಎಫ್‌ಎಂ, ಒತ್ತಡ 1.19 ಎಂಎಂ. ಎನ್‌ಎಫ್-ಎಫ್12 1500 ಆರ್‌ಪಿಎಂನಲ್ಲಿ 55 ಸಿಎಫ್‌ಎಂ, ಆದ್ರೆ ಒತ್ತಡ 2.61 ಎಂಎಂ. ಬರೀ ಸಿಎಫ್‌ಎಂ ನೋಡಿ ಮೊದಲನೇದು ತಗೊಂಡು ರೇಡಿಯೇಟರಿಗೆ ಹಾಕಿದ್ರೆ ಗಾಳಿ ಕಮ್ಮಿನೇ ಬರೋದು, ಅದು ಹಿಂದಗಡೆ ಎಕ್ಸಾಸ್ಟಿಗೆ ಒಳ್ಳೇ ಫ್ಯಾನು, ಇದಕ್ಕಲ್ಲ.

ರೇಡಿಯೇಟರಲ್ಲಿ ಎಷ್ಟು ಅಡ್ಡ ಇದೆ ಅಂತ ತಿಳ್ಕೊಳ್ಳೋಕೆ ಸ್ಕೇಲ್ ಇಟ್ಟು ಒಂದು ಇಂಚಿಗೆ ಎಷ್ಟು ಫಿನ್ (ತೆಳು ಲೋಹದ ಪಟ್ಟಿ) ಅಂತ ಎಣಿಸಿದೆ, ಟಾರ್ಚ್ ಹಿಡ್ಕೊಂಡು ಸೂಜಿ ತುದೀಲಿ. 20ರ ಹತ್ರ ಬಂತು, ದಪ್ಪ 27 ಎಂಎಂ. ಮಾರ್ಕೆಟಲ್ಲಿ ಸಿಗೋ ಬಹುಪಾಲು ಎಐಒಗಳು ಇದೇ ತರ, ತೆಳು ಆದ್ರೆ ಒತ್ತೊತ್ತು. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ ತರದ್ದು ಕೆಲವು 38 ಎಂಎಂ ಇರುತ್ತೆ. ಬಿಡಿ ಭಾಗ ತಂದು ನಾವೇ ಜೋಡಿಸೋ ಕಸ್ಟಮ್ ಲೂಪಿಗೆ 60 ಎಂಎಂ ರೇಡಿಯೇಟರೂ ಸಿಗುತ್ತೆ, ಅವುಗಳಲ್ಲಿ ಸಾಮಾನ್ಯವಾಗಿ ಫಿನ್ ಸ್ವಲ್ಪ ದೂರ ದೂರ ಇಟ್ಟಿರ್ತಾರೆ. ಹಂಗಾಗಿ ದಪ್ಪ ನೋಡಿ ಹೆದರೋ ಬದ್ಲು ದಪ್ಪ ಮತ್ತು ಒತ್ತು ಎರಡನ್ನೂ ಸೇರಿಸಿ ನೋಡ್ಬೇಕು.

ಎಷ್ಟು ಗಾಳಿ ಬೇಕು ಅಂತ ಒಂದು ಸಣ್ಣ ಲೆಕ್ಕ. 12700ಕೆ ಗರಿಷ್ಠ 190 ವ್ಯಾಟ್ ತಗೊಳ್ಳುತ್ತೆ. ರೇಡಿಯೇಟರ್ ಮೂಲಕ ನಿಜವಾಗ್ಲೂ ಒಂದೊಂದು ಫ್ಯಾನಿಗೆ 30ರಂತೆ 60 ಸಿಎಫ್‌ಎಂ ಹೋದ್ರೆ, ಆ ಗಾಳಿ ಒಂದು ಡಿಗ್ರಿ ಬಿಸಿಯಾಗೋಕೆ ಸುಮಾರು 30 ವ್ಯಾಟ್ ಹೀರುತ್ತೆ, ಅಂದ್ರೆ 190 ವ್ಯಾಟಿಗೆ ಗಾಳಿ ಆರೇಳು ಡಿಗ್ರಿ ಬಿಸಿಯಾಗಿ ಆಚೆ ಬರುತ್ತೆ. ಅರ್ಧ ಗಾಳಿ ಆದ್ರೆ ಹದಿಮೂರು ಡಿಗ್ರಿ. ಗಾಳಿ ಎಷ್ಟು ಬಿಸಿಯಾಗುತ್ತೋ ಅದಕ್ಕಿಂತ ನೀರು ಮೇಲೇ ಇರ್ಬೇಕಲ್ಲ, ಅಲ್ಲಿಂದ ಶುರು ಎಲ್ಲಾ.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಹಾಸನವೂ ಹೆಚ್ಚು ಕಮ್ಮಿ ಅಷ್ಟೇ. ಫ್ಯಾನ್ ಡಬ್ಬದ ಮೇಲಿನ ಒತ್ತಡ ಸಮುದ್ರ ಮಟ್ಟದ ಗಾಳಿಗೆ ಹೇಳಿರೋದು. ಇಲ್ಲಿ ಗಾಳಿ ಶೇಕಡ 10ರಿಂದ 13ರಷ್ಟು ತೆಳು, ಅಷ್ಟೇ ಪಾಲು ಫ್ಯಾನಿನ ಒತ್ತಡನೂ ಕಮ್ಮಿ, ಅದೇ ಸಿಎಫ್‌ಎಂ ಗಾಳಿ ಹೊರೋ ಬಿಸಿನೂ ಕಮ್ಮಿ (ಮೇಲಿನ 30 ವ್ಯಾಟ್ ಲೆಕ್ಕ ನಮ್ಮೂರ ಗಾಳಿಗೇ ಹಾಕಿದ್ದು). ಆದ್ರೆ ಮಂಗಳೂರಲ್ಲಿ ರೂಮ್ 32 ಡಿಗ್ರಿ ಇರೋವಾಗ ಇಲ್ಲಿ 24 ಇರುತ್ತೆ, ಲೆಕ್ಕ ಹಾಕಿದ್ರೆ ನಮಗೇ ಲಾಭ.

ಈಗ ಅಳೆಯೋ ಕೆಲಸ. ಒತ್ತಡ ನೀರಿನ ಮಿಲಿಮೀಟರಲ್ಲಿ ಅಂದ್ಮೇಲೆ ನೀರಲ್ಲೇ ಅಳೀಬಹುದಲ್ವಾ. ಗಾರೆ ಕೆಲಸದವರು ಮಟ್ಟ ನೋಡೋಕೆ ಇಟ್ಕೊಳ್ಳೋ ಟ್ರಾನ್ಸ್‌ಪರೆಂಟ್ ಲೆವೆಲ್ ಪೈಪ್ ಒಂದಷ್ಟು ಉದ್ದ ತಂದೆ. ಆದ್ರೆ ಎರಡು ಎಂಎಂ ವ್ಯತ್ಯಾಸ ನೆಟ್ಟಗೆ ನಿಂತ ಪೈಪಲ್ಲಿ ಕಣ್ಣಿಗೆ ಕಾಣಲ್ಲ, ಅದಕ್ಕೆ ಪೈಪನ್ನ ಹಲಗೆ ಮೇಲೆ ಮಲಗಿಸಿ ಒಂದು ಮೀಟರ್ ಉದ್ದಕ್ಕೆ 10 ಸೆಂಟಿಮೀಟರ್ ಎತ್ತರ ಬರೋಂಗೆ ಓರೆ ಕೊಟ್ಟೆ. ಈಗ ನೀರು ಒಂದು ಎಂಎಂ ಮೇಲೇರೋಕೆ ಪೈಪಲ್ಲಿ 10 ಎಂಎಂ ಓಡ್ಬೇಕು. ಕೆಳಗಿನ ತುದೀನ ಅಗಲ ಇರೋ ಒಂದು ಶರಬತ್ತಿನ ಬಾಟ್ಲಿ ತಳಕ್ಕೆ ತೂತು ಮಾಡಿ ಸಿಕ್ಕಿಸಿ ಸುತ್ತ ಎಂ-ಸೀಲ್ ಹಾಕಿದ್ದು, ಬಾಟ್ಲಿ ಅಗಲ ಇದ್ರೆ ಅದರೊಳಗಿನ ಮಟ್ಟ ಅಲ್ಲಾಡೋದು ಲೆಕ್ಕಕ್ಕೇ ಬರಲ್ಲ. ನೀರಿಗೆ ಎರಡು ಹನಿ ಉಜಾಲಾ, ಕಾಣೋಕೆ. ಜೊತೆಗೆ ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್, ಇದು ಮುಖ್ಯ, ಇಲ್ಲಾಂದ್ರೆ ನೀರು ಪೈಪಿನ ಗೋಡೆಗೆ ಅಂಟ್ಕೊಂಡು ಜಗ್ಗಿ ಜಗ್ಗಿ ಓಡುತ್ತೆ, ರೀಡಿಂಗ್ ನಂಬೋಕಾಗಲ್ಲ.

ಗಾಳಿ ಡಬ್ಬಕ್ಕೆ 20 ಲೀಟರಿನ ಖಾಲಿ ಪೇಂಟ್ ಬಕೆಟ್. ಅದರ ಮುಚ್ಚಳ ಗಟ್ಟಿ ಕೂರುತ್ತೆ, ಗಾಳಿ ಸೋರಲ್ಲ. ಮುಚ್ಚಳದಲ್ಲಿ ಫ್ಯಾನಿನ ಅಳತೆಗೆ ದುಂಡಗೆ ಕೊಯ್ದು ಫ್ಯಾನ್ ಒಳಕ್ಕೆ ಊದೋಂಗೆ ಕೂರ್ಸಿದೆ, ಪಕ್ಕದಲ್ಲಿ ಒಂದು ಸಣ್ಣ ತೂತಿಂದ ಪೈಪ್ ಬಾಟ್ಲಿ ಮುಚ್ಚಳಕ್ಕೆ. ತಳದಲ್ಲಿ 12 ಸೆಂಟಿಮೀಟರ್ ಚೌಕ ಕಿಟಕಿ, ಅದನ್ನ ಪ್ಲೈವುಡ್ ಇಟ್ಟು ಟೇಪ್ ಹಾಕಿ ಮುಚ್ಚಿದ್ರೆ ಫ್ಯಾನ್ ಬಾಕ್ಸ್ ಮೇಲೆ ಬರೆಯೋ ಒತ್ತಡ ಸಿಗುತ್ತೆ, ಪ್ಲೈವುಡ್ ತೆಗೆದು ರೇಡಿಯೇಟರಿನ ಅರ್ಧ ಭಾಗ ಅದಕ್ಕೆ ಒತ್ತಿ ಹಿಡಿದ್ರೆ ಆ ರೇಡಿಯೇಟರ್ ಮೇಲೆ ನಿಜವಾಗಿ ನಿಲ್ಲೋ ಒತ್ತಡ ಸಿಗುತ್ತೆ. ನಂಗೆ ಬೇಕಿದ್ದಿದ್ದು ಎರಡನೇದು. ರೇಡಿಯೇಟರ್ ಪೂರ್ತಿ ಕಿತ್ತು ತರಬೇಕಾಗಿದ್ರಿಂದ ಪಂಪ್ ಬ್ಲಾಕೂ ಸಿಪಿಯು ಮೇಲಿಂದ ಬಿಚ್ಚಿದ್ದಾಯ್ತು, ಪೈಪ್ ಬುಡದಲ್ಲಿ ತಿರುಚದೆ ಹುಷಾರಾಗಿ ಟೇಬಲ್ ಮೇಲೆ ಇಟ್ಕೊಂಡೆ. ಭಾವ ಬಂದು ಬಕೆಟ್, ಬಾಟ್ಲಿ, ನೀಲಿ ನೀರು ಎಲ್ಲಾ ನೋಡಿ "ಇದೆಂಥ, ಭಟ್ಟಿ ಇಳಿಸ್ತಿದ್ದೀಯಾ" ಅಂದ್ರು.

ಮೂರು ತರ ಫ್ಯಾನ್ ಇಟ್ಟು ನೋಡಿದ್ದು. ಒಂದು, ಇದ್ದ ಆರ್‌ಜಿಬಿ. ಎರಡು, ಆರ್ಕ್ಟಿಕ್ ಪಿ12 ಪಿಡಬ್ಲ್ಯೂಎಂ (ಮದರ್‌ಬೋರ್ಡಿಂದ ಸ್ಪೀಡ್ ಕಂಟ್ರೋಲ್ ಮಾಡೋ ತರದ್ದು), 1800 ಆರ್‌ಪಿಎಂ, ಸ್ಪೆಕ್ ಪ್ರಕಾರ 56.3 ಸಿಎಫ್‌ಎಂ, 2.2 ಎಂಎಂ. ಮೂರು, ಹಾಸನದ ನನ್ನ ಸ್ನೇಹಿತನ ಗೇಮಿಂಗ್ ಪಿಸಿಯಿಂದ ಸಾಲ ತಂದ ನೋಕ್ಟುವಾ ಎನ್‌ಎಫ್-ಎ12ಎಕ್ಸ್25, 2000 ಆರ್‌ಪಿಎಂ, 60 ಸಿಎಫ್‌ಎಂ, 2.34 ಎಂಎಂ. ಇದರ ರೆಕ್ಕೆ ತುದಿಗೂ ಫ್ರೇಮಿಗೂ ಬರೀ ಅರ್ಧ ಎಂಎಂ ಸಂದು, ಅದಕ್ಕೇ ಅಷ್ಟು ಬೆಲೆ. ಸಂದು ದೊಡ್ಡದಿದ್ರೆ ಒತ್ತಡ ಕಟ್ಟಿದ ಗಾಳಿ ರೆಕ್ಕೆ ತುದೀಲಿ ವಾಪಸ್ ಜಾರುತ್ತೆ. ಆರ್‌ಜಿಬಿ ಫ್ಯಾನಲ್ಲಿ ಆ ಸಂದು ಕಣ್ಣಿಗೇ ಕಾಣೋಷ್ಟಿತ್ತು, ಲೈಟಿನ ರಿಂಗಿಗೆ ಜಾಗ ಮಾಡೋಕೆ ರೆಕ್ಕೇನೂ ಚಿಕ್ಕದು ಮಾಡಿದ್ದಾರೆ.

ಬಾಯಿ ಮುಚ್ಚಿ ಅಳೆದಾಗ ಆರ್‌ಜಿಬಿ ಪೈಪಲ್ಲಿ 10 ಎಂಎಂ ಮುಟ್ಟೋಕೆ ಒದ್ದಾಡ್ತು, ಅಂದ್ರೆ ಒಂದು ಎಂಎಂ ಒಳಗೇ. ಪಿ12 19 ಮುಟ್ತು, ಅಂದ್ರೆ 1.9. ಸ್ಪೆಕ್ 2.2 ಇರೋವಾಗ 1.9 ಬಂದಿದ್ದು ನೋಡಿ ನಂಗೆ ಖುಷಿನೇ ಆಯ್ತು, ಸಾವಿರ ಮೀಟರ್ ಎತ್ತರದ ಲೆಕ್ಕಕ್ಕೆ ಸರಿಯಾಗಿ ಕೂತ್ಕೊಳ್ತು. ನೋಕ್ಟುವಾ 20 ದಾಟಿ ನಿಂತಿತು. ಆಮೇಲೆ ರೇಡಿಯೇಟರ್ ಇಟ್ಟಾಗ ಆರ್‌ಜಿಬಿ 6, ಪಿ12 12, ನೋಕ್ಟುವಾ 13. ಪೈಪ್ ಓದೋದ್ರಲ್ಲಿ ಒಂದು ಎಂಎಂ ಆಚೆ ಈಚೆ ಇದ್ದೇ ಇರುತ್ತೆ, ಹಂಗಾಗಿ ಕೊನೇ ಎರಡು ಒಂದೇ ಅಂತಾನೇ ಇಟ್ಕೊಳ್ಳಿ.

ರೇಡಿಯೇಟರ್ ಮೇಲೆ ಒತ್ತಡ 0.6ರಿಂದ 1.2 ಆಯ್ತು, ಡಬಲ್. ಹಾಗಂತ ಗಾಳಿ ಡಬಲ್ ಅಲ್ಲ. ಅಡ್ಡ ದಾಟೋಕೆ ಬೇಕಾದ ಒತ್ತಡ ಗಾಳಿ ವೇಗದ ವರ್ಗದ ಹತ್ರ ಹತ್ರ ಏರುತ್ತೆ, ಒತ್ತಡ ಎರಡು ಪಟ್ಟಾದ್ರೆ ಗಾಳಿ 1.4ರಿಂದ 1.5 ಪಟ್ಟು ಆಗುತ್ತೆ. ಅದೇನು ಕಮ್ಮಿ ಅಲ್ಲ, ನೂರಕ್ಕೆ ನಲವತ್ತು ಜಾಸ್ತಿ ಗಾಳಿ. ಆದ್ರೆ ಪಿ12ಗೂ ನೋಕ್ಟುವಾಗೂ ಇದೇ ಲೆಕ್ಕ ಹಾಕಿದ್ರೆ ಗಾಳೀಲಿ ವ್ಯತ್ಯಾಸ ಶೇಕಡ ನಾಲ್ಕೈದು, ಅದಕ್ಕೆ ಹಲವು ಪಟ್ಟು ದುಡ್ಡು ಯಾಕೆ. ಸೌಂಡಲ್ಲಿ ನೋಕ್ಟುವಾ ಮೇಲು, ಒಪ್ಕೋತೀನಿ, ಹಾಡು ರೆಕಾರ್ಡ್ ಮಾಡೋ ಸ್ಟುಡಿಯೋ ಆಗಿದ್ರೆ ಅದನ್ನೇ ಹಾಕಿ ಅಂತಿದ್ದೆ, ಮದುವೆ ವಿಡಿಯೋ ಎಡಿಟ್ ಮಾಡೋ ಕಡೆ ಎರಡು ಸ್ಪೀಕರಲ್ಲಿ ನಾದಸ್ವರ ಓಡ್ತಿರೋವಾಗ ಫ್ಯಾನ್ ಸೌಂಡ್ ಯಾರಿಗೆ ಕೇಳುತ್ತೆ. ಜಾಸ್ತಿ ಒತ್ತಡ ಬೇಕು ಅಂತ ಇನ್ನೊಂದು ತುದಿಗೂ ಹೋಗ್ಬೇಡಿ, ನೋಕ್ಟುವಾದ್ದೇ ಎನ್‌ಎಫ್-ಎಫ್12 ಇಂಡಸ್ಟ್ರಿಯಲ್ 3000 ಆರ್‌ಪಿಎಂ ಫ್ಯಾನ್ 7.63 ಎಂಎಂ ಒತ್ತಡ ಕೊಡುತ್ತೆ, ಜೊತೆಗೆ 43.5 ಡೆಸಿಬೆಲ್ ಸೌಂಡೂ ಕೊಡುತ್ತೆ.

ಸ್ಪೀಡ್ ವಿಷ್ಯಾನೂ ಇಲ್ಲೇ ಹೇಳ್ಬೇಕು ಯಾಕಂದ್ರೆ ಸುಮಾರು ಜನ ಸ್ಪೆಕ್ ನೋಡಿ ತಗೊಂಡು ಆಮೇಲೆ ಬಯೋಸಲ್ಲಿ ಸೈಲೆಂಟ್ ಮೋಡ್ ಹಾಕಿ ಕೂತ್ಕೋತಾರೆ. ಗಾಳಿ ಆರ್‌ಪಿಎಂ ಜೊತೆ ನೇರವಾಗಿ ಇಳಿಯುತ್ತೆ, ಒತ್ತಡ ಅದರ ವರ್ಗದಲ್ಲಿ ಇಳಿಯುತ್ತೆ. ಪಿ12ನ 900 ಆರ್‌ಪಿಎಂಗೆ ಇಳಿಸಿದ್ರೆ ಒತ್ತಡ ಅರ್ಧ ಅಲ್ಲ, ಕಾಲು ಭಾಗ, 2.2 ಹೋಗಿ 0.55. ಹಂಗಾಗಿ ಎರಡು ಫ್ಯಾನ್ ಹೋಲಿಸೋವಾಗ ಡಬ್ಬದ ಮೇಲಿನ ಗರಿಷ್ಠ ನಂಬರ್ ಅಲ್ಲ, ನೀವು ಓಡಿಸೋ ಸ್ಪೀಡಲ್ಲಿ ಎಷ್ಟು ಅಂತ ಲೆಕ್ಕ ಹಾಕಿ.

ಹಿಂದೆ ಮುಂದೆ ಎರಡೂ ಕಡೆ ಫ್ಯಾನ್ ಹಾಕೋಣ್ವಾ ಅಂತ ಭಾವ ಕೇಳಿದ್ರು, ನಾಲ್ಕು ಫ್ಯಾನಿಗೆ ನಾಲ್ಕು ಪಟ್ಟು ಲೈಟ್ ಅನ್ನೋ ಆಸೆ ಇರ್ಬೇಕು. ಹಿಂಗೆ ಒಂದು ಕಡೆ ತಳ್ಳಿ ಇನ್ನೊಂದು ಕಡೆ ಎಳೆಯೋ ಪುಶ್-ಪುಲ್ಲಲ್ಲಿ ಒತ್ತಡ ಕೂಡುತ್ತೆ, ಗಾಳಿ ಕೂಡಲ್ಲ, 27 ಎಂಎಂ ತೆಳು ರೇಡಿಯೇಟರಿಗೆ ಎರಡು ಒಳ್ಳೇ ಫ್ಯಾನ್ ಸಾಕು. ದಪ್ಪ, ಒತ್ತು ಎರಡೂ ಇರೋ ರೇಡಿಯೇಟರಾದ್ರೆ ಬೇರೆ ಮಾತು.

ಕ್ಲೀನಿಂಗ್ ಬ್ಲೋವರಲ್ಲಿ, ಗಾಳಿ ಹೋಗೋ ದಿಕ್ಕಿಗೆ ಉಲ್ಟಾ. ಜಿಡ್ಡು ಇದ್ದಿದ್ರಿಂದ ಆಮೇಲೆ ಮೆತ್ತಗಿನ ಬ್ರಶ್. ಫಿನ್ ಉಗುರು ತಾಗಿದ್ರೂ ಬಗ್ಗುತ್ತೆ. ಫ್ಯಾನಿಗೆ ಬ್ಲೋವರ್ ಹಿಡಿಯೋವಾಗ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಸುಮ್ನೆ ಬಿಟ್ರೆ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತೆ.

ಸಂದು ಮುಚ್ಚೋಕೆ ಕಾರಿನ ಬಾಗಿಲಿಗೆ ಅಂಟಿಸೋ ಫೋಮ್ ಟೇಪ್, ಹಾರ್ಡ್‌ವೇರ್ ಅಂಗಡೀಲಿ ಸುರುಳಿ ಸಿಗುತ್ತೆ. ಫ್ಯಾನ್ ಫ್ರೇಮಿನ ಸುತ್ತ ತೆಳು ಫೋಮ್ ಅಂಟಿಸಿ ರೇಡಿಯೇಟರಿಗೆ ಒತ್ತಿ ಸ್ಕ್ರೂ ಹಾಕಿದ್ದು, ಎರಡು ಫ್ಯಾನ್ ಮಧ್ಯದ ಗೆರೆಗೂ ಒಂದು ಪಟ್ಟಿ. ಸ್ಕ್ರೂ ವಿಷಯದಲ್ಲಿ ಜೋಪಾನ: 25 ಎಂಎಂ ಫ್ಯಾನಿಗೆ 30 ಎಂಎಂ ಸ್ಕ್ರೂ ಬರುತ್ತೆ, ಅದಕ್ಕಿಂತ ಉದ್ದದ್ದು ಹಾಕಿ ತಿರುಗಿಸ್ತಾ ಹೋದ್ರೆ ತುದಿ ಒಳಗಿನ ನೀರಿನ ಟ್ಯೂಬಿಗೇ ಚುಚ್ಚುತ್ತೆ, ಆಮೇಲೆ ಎಐಒ ಗುಜರಿಗೆ. ಕಂಪನಿಗೆ ತಕ್ಕಂಗೆ ಸ್ಕ್ರೂ ಅಳತೆ ಎಂ3 ಅಥವಾ 6-32 ಇರುತ್ತೆ, ಒಂದರ ತೂತಿಗೆ ಇನ್ನೊಂದು ಬಲವಂತ ಮಾಡ್ಬೇಡಿ, ಜೊತೆಗೆ ಬಂದಿರೋದನ್ನೇ ಬಳಸಿ.

ಗಾಜಿಗೆ ಹವಾಯಿ ಚಪ್ಪಲಿ. ತಮಾಷೆ ಅಲ್ಲ, ಹಳೇ ಹವಾಯಿ ಚಪ್ಪಲಿಯಿಂದ ದುಂಡಗೆ ತುಂಡು ಕೊಯ್ದು ಮಧ್ಯೆ ತೂತು ಮಾಡಿ ಪ್ಯಾನೆಲ್ ಸ್ಕ್ರೂಗಳ ಹಿಂದೆ ಇಟ್ಟು ಗಾಜನ್ನ ಒಂದೂವರೆ ಸೆಂಟಿಮೀಟರ್ ಮುಂದೆ ತಂದೆ. ಈಗ ನಾಲ್ಕೂ ಕಡೆಯಿಂದ ಗಾಳಿ ಬರುತ್ತೆ. ಗಾಜಿನ ಸಂದು, ಫಿಲ್ಟರ್, ರೇಡಿಯೇಟರ್ ಎಲ್ಲಾ ಒಂದರ ಹಿಂದೆ ಒಂದು ಇರೋ ಅಡ್ಡಗಳು, ಒತ್ತಡ ಖರ್ಚು ಎಲ್ಲಾ ಕೂಡ್ತಾ ಹೋಗುತ್ತೆ, ಫ್ಯಾನ್ ಕಟ್ಟೋ ಒಂದೆರಡು ಎಂಎಂನಲ್ಲಿ ಅರ್ಧ ಗಾಜಿಗೇ ಹೋದ್ರೆ ಎಂಥ ಫ್ಯಾನ್ ತಂದ್ರೂ ಏನು ಪ್ರಯೋಜನ. ರೇಡಿಯೇಟರ್ ಮೇಲ್ಗಡೆಗೆ ಬದಲಾಯಿಸೋದೂ ಯೋಚಿಸಿದ್ದೆ, ಆದ್ರೆ ಅಲ್ಲಿಗೆ ಹೋದ್ರೆ 3060 ಬಿಡೋ 170 ವ್ಯಾಟ್ ಬಿಸಿ ಗಾಳಿನೇ ರೇಡಿಯೇಟರಿಗೆ ಸಿಗೋದು, ಎಡಿಟಿಂಗಲ್ಲಿ ಜಿಪಿಯು ಕೂಡ ಓಡ್ತಾನೇ ಇರುತ್ತೆ, ಮುಂದೇನೇ ಇರ್ಲಿ ಅಂತ ಬಿಟ್ಟೆ.

ಬ್ಲಾಕ್ ಬಿಚ್ಚಿದ್ರಿಂದ ಚಿಪ್ಪಿಗೂ ಬ್ಲಾಕಿಗೂ ಮಧ್ಯೆ ಹಚ್ಚೋ ಥರ್ಮಲ್ ಪೇಸ್ಟ್ ಹೊಸದು. ಪೇಸ್ಟಿನ ಪುಣ್ಯ ಫ್ಯಾನಿಗೆ ಹೋಗ್ಬಾರ್ದು ಅಂತ ಮೊದ್ಲು ಹಳೇ ಆರ್‌ಜಿಬಿ ಫ್ಯಾನನ್ನೇ ಫೋಮ್ ಸಮೇತ ವಾಪಸ್ ಹಾಕಿ ಅದೇ ಎಕ್ಸ್‌ಪೋರ್ಟ್ ಓಡಿಸಿದೆ, ರೂಮ್ 24 ಡಿಗ್ರಿ. ನೀರು ನಿಧಾನಕ್ಕೆ ಬಿಸಿಯಾಗೋದು, ಐದು ನಿಮಿಷದ ರೀಡಿಂಗ್ ನೋಡಿ ಖುಷಿ ಪಡ್ಬೇಡಿ, ಅರ್ಧ ಗಂಟೆ ಆದ್ರೂ ಬಿಡಿ. 93ಕ್ಕೆ ನಿಂತಿತು. ಅಂದ್ರೆ ಕ್ಲೀನಿಂಗ್, ಪೇಸ್ಟ್, ಫೋಮ್, ಚಪ್ಪಲಿ ಎಲ್ಲಾ ಸೇರಿ ಸ್ಪೀಡ್ ಇಳಿಯೋದು ನಿಂತಿತ್ತು, ಹೊಸ ಫ್ಯಾನಿಗೆ ಒಂದು ರೂಪಾಯಿ ಹಾಕೋ ಮುಂಚೆನೇ. ಆಮೇಲೆ ಪಿ12 ಎರಡು ಹಾಕಿದ್ದು, 84. ಇದಕ್ಕಿಂತ ಕೆಳಗೆ ಫ್ಯಾನಿಂದ ಹೆಚ್ಚು ಇಳಿಸೋಕಾಗಲ್ಲ, ಉಳಿದಿರೋದ್ರಲ್ಲಿ ದೊಡ್ಡ ಪಾಲು ಚಿಪ್ಪಿಂದ ತಾಮ್ರದ ಪ್ಲೇಟಿಗೆ ಬಿಸಿ ದಾಟೋದ್ರಲ್ಲೇ ಇದೆ, ಅಲ್ಲಿ ಗಾಳಿಗೆ ಕೆಲಸ ಇಲ್ಲ.

ವೈರಿಂಗ್: ಹಳೇ ಆರ್‌ಜಿಬಿ ಫ್ಯಾನುಗಳು ತಮ್ಮದೇ 6 ಪಿನ್ ಕನೆಕ್ಟರಲ್ಲಿ ಒಂದು ಹಬ್ಬಿಗೆ ಹೋಗ್ತಿದ್ವು, ಸ್ಪೀಡ್ ಕಂಟ್ರೋಲೇ ಇಲ್ಲ. ಪಿ12 ಎರಡೂ 4 ಪಿನ್ ಪಿಡಬ್ಲ್ಯೂಎಂ, ಒಂದು ಸ್ಪ್ಲಿಟ್ಟರಲ್ಲಿ ಮದರ್‌ಬೋರ್ಡಿನ ಸಿಪಿಯು ಫ್ಯಾನ್ ಹೆಡರಿಗೆ (ಫ್ಯಾನ್ ವೈರ್ ಸಿಕ್ಕಿಸೋ ಪಿನ್). ಒಂದು ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತಡೆಯುತ್ತೆ, ಎರಡು ಫ್ಯಾನಿಗೆ ಧಾರಾಳ. ಪಂಪ್ ಬೇರೆ ಹೆಡರಲ್ಲಿ, ಯಾವಾಗ್ಲೂ ಫುಲ್ ಸ್ಪೀಡ್. ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ಸ್ಪೀಡ್ ಅನ್ನೋ ಸೆಟ್ಟಿಂಗ್) ಹಾಕೋವಾಗ 1000 ಆರ್‌ಪಿಎಂ ಆಸುಪಾಸಲ್ಲಿ ಈ ಕ್ಯಾಬಿನೆಟ್ಟಲ್ಲಿ ಒಂದು ಗುಂಯ್ ಅನ್ನೋ ಸೌಂಡ್ ಬರ್ತಿತ್ತು, ಅದಕ್ಕೆ 60 ಡಿಗ್ರಿವರೆಗೂ 800, ಅಲ್ಲಿಂದ ನೇರ 1200ಕ್ಕೆ ಹಾರಿಸಿ, 80ಕ್ಕೆ 1800. ಸಿಪಿಯು ಟೆಂಪರೇಚರ್ ಕ್ಷಣಕ್ಕೊಮ್ಮೆ ಕುಣಿಯುತ್ತೆ, ಫ್ಯಾನೂ ಅದರ ಜೊತೆ ಕುಣೀಬಾರ್ದು ಅಂತ ಬಯೋಸಲ್ಲಿ ಸ್ಪೀಡ್ ಬದಲಾವಣೆಗೆ ಕೆಲವು ಸೆಕೆಂಡ್ ಡಿಲೇ ಇಟ್ಟಿದ್ದೀನಿ.

"ಲೈಟ್ ಎಲ್ಲಾ ಹೋಯ್ತಲ್ಲೋ, ಕಸ್ಟಮರ್ ಬಂದ್ರೆ ಕಪ್ಪಗೆ ಕಾಣುತ್ತೆ" ಅಂತ ಭಾವ ಶುರು ಮಾಡಿದ್ರು. ಆರ್‌ಜಿಬಿ ಎರಡನ್ನೂ ತಗೊಂಡು ಒಂದನ್ನ ಹಿಂದೆ, ಒಂದನ್ನ ಮೇಲೆ ಎಕ್ಸಾಸ್ಟಿಗೆ ಹಾಕಿದೆ, ಅಲ್ಲಿ ಬರೀ ದೊಡ್ಡ ತೂತಿನ ಜಾಲರಿ, ಒತ್ತಡ ಬೇಕಾಗೇ ಇಲ್ಲ, ಅವು ಆರಾಮಾಗಿ ಗಾಳಿ ಆಚೆ ಹಾಕ್ತಾವೆ. ಫಿಲ್ಟರ್ ಮಾತ್ರ ತಿಂಗಳಿಗೊಮ್ಮೆ ತೊಳೀರಿ ಭಾವ ಅಂತ ಹೇಳಿದ್ದೀನಿ, ಪಕ್ಕದ ಅಂಗಡಿಯವರು ಹುರಿಯೋದು ಜೋರಾದಾಗ ಹದಿನೈದು ದಿನಕ್ಕೆ.